ಮೂಸಾಕ ಕೂರಿಸಿದ ಬೋಲ್ಟ್

ಮೂಸಾಕನ ಕೈಯಲ್ಲಿ ಪೆಟ್ಟು ತಿಂದವರ ಹೆಸರು ಬರೆಯುತ್ತ ಕೂತರೆ ಇನ್ನೂರು ಪುಟದ ಒಂದು ನೋಟ್‌ಬುಕ್ ಬೇಕಾದೀತು. ಸೌದಿಯ ದಮ್ಮಾಮಿನ ಒಬ್ಬ ಫೋರ್‌ಮನ್, ಪಾಣೆಮಂಗಳೂರಿನ ಒಬ್ಬ ಪ್ಲಂಬರ್, ಸ್ವಂತ ಹೆಂಡತಿಯ ತಮ್ಮ, ಬಿ.ಸಿ. ರೋಡಿನ ಒಬ್ಬ ಇಂಜಿನಿಯರ್. ಇಂಜಿನಿಯರಿಗೆ ಬಿದ್ದದ್ದಕ್ಕೆ ನಾನೇ ಸಾಕ್ಷಿ, ಏಕೆಂದರೆ ಅದು ಬಿದ್ದದ್ದು ನನ್ನ ಕೌಂಟರಿನ ಎದುರು. ನಮ್ಮ ಕಡೆಯ ಕೆಂಪು ಮುರಕಲ್ಲಿನ ಗೋಡೆಗೆ ಗೀಸರ್ ನೇತುಹಾಕಲು ಬಿರಿಯುವ ಫಾಸ್ಟನರ್ ಸಾಕು ಎಂದು ಆತ ಹಟ ಹಿಡಿದಿದ್ದ. ಬೋಲ್ಟ್ ಬಿಗಿದ ಹಾಗೆ ಅದರ ತೋಳು ಒಳಗೆ ಬಿರಿದು ಗೋಡೆಯನ್ನು ಒತ್ತಿ ಹಿಡಿಯುತ್ತದೆ, ಆ ಒತ್ತಡವನ್ನು ಕಾಂಕ್ರೀಟ್ ತಡೆಯುತ್ತದೆ, ಮುರಕಲ್ಲಾದರೆ ಪುಡಿಯಾಗುತ್ತದೆ ಎಂದು ಮೂಸಾಕ ಎರಡು ಸಲ ತಿಳಿಸಿ ಹೇಳಿದ. "ನೀನು ತೂತು ಕೊರೆಯುವವ, ತೂತು ಕೊರೆ" ಎಂದ ಇಂಜಿನಿಯರ್. ಮೂರನೆಯ ಸಲ ಮೂಸಾಕ ಬಾಯಿ ತೆರೆಯಲಿಲ್ಲ, ಕೈ ಎತ್ತಿದ. ಕನ್ನಡಕ ಹಾರಿ ಎರಡು ಇಂಚಿನ ಮೊಳೆಯ ಡಬ್ಬಿಗೆ ಬಿತ್ತು. ಹೆಕ್ಕಿ ಒರೆಸಿ ಕೊಟ್ಟವಳು ನಾನು.

ನಾನು ಲೋಲಾಕ್ಷಿ. ಮೆಲ್ಕಾರಿನ ಈ ಹಾರ್ಡ್‌ವೇರ್ ಅಂಗಡಿಯ ಕೌಂಟರಿನಲ್ಲಿ ಹತ್ತೊಂಬತ್ತು ವರ್ಷದಿಂದ ಇದ್ದೇನೆ. ಈಗಲೂ ಕೆಲವು ಗಂಡಸರು ಅಂಗಡಿ ಹತ್ತಿದ ಕೂಡಲೇ ನನ್ನ ಹಿಂದೆ ಯಾರಾದರೂ ಗಂಡಸು ನಿಂತಿದ್ದಾನೆಯೇ ಎಂದು ಇಣುಕುತ್ತಾರೆ. ಇಲ್ಲ ಎಂದು ಖಾತ್ರಿಯಾದ ಮೇಲೆ ಬೇರೆ ದಾರಿಯಿಲ್ಲದೆ ನನ್ನಲ್ಲಿ ಬೋಲ್ಟ್ ಕೇಳುತ್ತಾರೆ. ಸಿಟ್ಟಿನಲ್ಲಿ ನಾನು ಮೂಸಾಕನಿಗಿಂತ ಕಡಿಮೆಯವಳಲ್ಲ. ನನ್ನದು ಬಾಯಲ್ಲಿ ಹೋಗುತ್ತದೆ, ಅವನದು ಕೈಯಲ್ಲಿ. ನನಗಿಂತ ಎರಡು ವರ್ಷ ಸಣ್ಣವನಾದರೂ ಊರಿಗೆಲ್ಲ ಅವನು ಮೂಸಾಕ, ಅಂದರೆ ಮೂಸಾ ಅಣ್ಣ, ಆದ್ದರಿಂದ ನನಗೂ ಮೂಸಾಕ.

ಹದಿನಾಲ್ಕನೆಯ ವಯಸ್ಸಿಗೇ ಅವನು ಕಲ್ಲಿನ ಕೋರೆಗೆ ಹೋದವನು. ಮುರಕಲ್ಲನ್ನು ನೆಲದಿಂದ ಕಡಿದು, ಕೆತ್ತಿ, ತಲೆಯ ಮೇಲೆ ಹೊತ್ತು ಬೆಳೆದ. ಆಮೇಲೆ ದಮ್ಮಾಮಿಗೆ ಹೋಗಿ ಆರು ವರ್ಷ ದೊಡ್ಡ ಕಟ್ಟಡಗಳಿಗೆ ಆಂಕರ್ ಹೊಡೆಯುವ ಕೆಲಸ ಮಾಡಿದ. ಫೋರ್‌ಮನ್‌ಗೆ ಹೊಡೆದ ಮೇಲೆ ಅಲ್ಲಿಂದ ಓಡಿಸಿದರು. ಬರುವಾಗ ಎಲ್ಲರೂ ಚಿನ್ನ ತಂದರೆ ಇವನು ಒಂದು ಹ್ಯಾಮರ್ ಡ್ರಿಲ್ ತಂದ, ಅದಕ್ಕೇ ಹೆಂಡತಿ ಒಂದು ವರ್ಷ ಮಾತು ಬಿಟ್ಟಿದ್ದಳು.

ಕೆಲಸದಲ್ಲಿ ಮಾತ್ರ ಅವನನ್ನು ಮೀರಿಸುವವರಿಲ್ಲ. ಮೊದಲು ಬೆರಳಿನ ಗೆಣ್ಣಿನಿಂದ ಗೋಡೆ ತಟ್ಟಿ ಕಲ್ಲು ಎಲ್ಲಿ, ಸಂದು ಎಲ್ಲಿ ಎಂದು ಹುಡುಕುತ್ತಾನೆ. ಅರ್ಧ ಇಂಚು ಕೊರೆದು ನಿಲ್ಲಿಸಿ ಧೂಳು ನೋಡುತ್ತಾನೆ. ಬೂದು ಬಣ್ಣದ್ದು ಬಂದರೆ ಕಾಂಕ್ರೀಟ್, ಕೆಂಪು ಬಂದರೆ ಮುರಕಲ್ಲು. ಕೆಂಪಾದರೆ ಬಿರಿಯುವ ಬೋಲ್ಟ್ ಇಲ್ಲ, ಅಂಟು ತುಂಬಿಸುವ ಕೆಮಿಕಲ್ ಆಂಕರ್. ತೂತಿನೊಳಗೆ ಬ್ರಷ್ ಹಾಕಿ ಉಜ್ಜಿ ಸೈಕಲ್ ಪಂಪಿನಿಂದ ಗಾಳಿ ಹೊಡೆಯುತ್ತಾನೆ, ಮೂರು ಸಲ. ಧೂಳು ಉಳಿದರೆ ಅಂಟು ಧೂಳನ್ನು ಹಿಡಿಯುತ್ತದೆ, ಗೋಡೆಯನ್ನು ಹಿಡಿಯುವುದಿಲ್ಲ. ಅಂಟು ಗಟ್ಟಿಯಾಗುವ ತನಕ ಮುಟ್ಟಬೇಡಿ ಎಂದರೂ ಮುಟ್ಟುವ ಮನೆಯವರಿಗೆ ಬೈಗುಳ ಉಚಿತ.

ಅಬ್ದುಲ್ ನಾಸಿರ್ ನಮ್ಮ ಅಂಗಡಿಗೆ ಬಂದದ್ದು ಕಳೆದ ನವೆಂಬರಿನ ಒಂದು ಸೋಮವಾರ. ಕನ್ಯಾನದವರು, ನಲವತ್ತರ ಆಸುಪಾಸು, ಇಸ್ತ್ರಿ ಮಾಡಿದ ಬಿಳಿ ಅಂಗಿ, ಮೆತ್ತಗಿನ ಮಾತು. ಕೌಂಟರಿನ ಮೇಲೆ ಎರಡು ಫಾಸ್ಟನರ್ ಇಟ್ಟರು. ಎರಡೂ ಬಾಗಿದ್ದವು, ಅವುಗಳ ತೋಳಿನ ತುಂಬ ಕೆಂಪು ಹುಡಿ.

"ಎರಡು ಸಲ ಹಾಕಿಸಿದೆ ಅಕ್ಕ. ಎರಡು ಸಲವೂ ಕಿತ್ತು ಬಂತು. ಕಿತ್ತು ಬಾರದ್ದು ಎಂತ ಉಂಟು ನಿಮ್ಮಲ್ಲಿ?"

"ಗೋಡೆ ಯಾವುದು?"

"ಕಾಂಕ್ರೀಟ್."

ಇದು ನಮ್ಮ ಕಡೆಯವರ ಒಂದು ರೋಗ. ಮುರಕಲ್ಲಿಗೆ ಸಿಮೆಂಟ್ ಸಾರಣೆ ಮಾಡಿ ಪೈಂಟ್ ಹೊಡೆದ ಮರುದಿನದಿಂದ ಅದು ಕಾಂಕ್ರೀಟ್ ಗೋಡೆ. ಕಟ್ಟಿಸಿದವನಿಗೇ ಒಳಗಿನ ಕಲ್ಲು ಮರೆತುಹೋಗುತ್ತದೆ. ನಾನು ಹುಡಿಯನ್ನು ಬೆರಳಿನಲ್ಲಿ ತೆಗೆದು ಅವರಿಗೆ ತೋರಿಸಿದೆ.

"ಕಾಂಕ್ರೀಟ್ ಯಾವಾಗಿನಿಂದ ಕೆಂಪಾದದ್ದು ಮಾರಾಯ್ರೆ? ಇದಕ್ಕೆ ಕೆಮಿಕಲ್ ಬೇಕು. ಕಟ್ಟುವುದು ಎಂತ?"

"ಎಮ್ಮೆ."

"ಎಮ್ಮೆಯಾ, ಆನೆಯಾ? ಎಮ್ಮೆ ಮರದ ಗೂಟವನ್ನೇ ಕೀಳುವುದಿಲ್ಲ."

ಅವರು ನಗಲಿಲ್ಲ. "ಇದು ಸ್ವಲ್ಪ ಜೋರಿನದ್ದು" ಎಂದು ಹೇಳಿ ಹೊರಗೆ ರಸ್ತೆ ನೋಡಿದರು. ನಾನು ಕೆಮಿಕಲ್ ಕೊಳವೆ, ಗೇಣುದ್ದದ ಕೊಂಡಿ ಬೋಲ್ಟ್, ಅಂಟು ಕಲ್ಲಿನ ಪೊಳ್ಳಿಗೆ ಸೋರಿಹೋಗದ ಹಾಗೆ ಒಂದು ಜಾಲರಿ ತೋಳು ಕಟ್ಟಿ ಕೊಟ್ಟೆ. ಮೂಸಾಕನಿಗೆ ಫೋನ್ ಮಾಡಿ ಅವರ ಜೊತೆಗೆ ಕಳಿಸಿದೆ.

ಒಂದು ಒಳ್ಳೆಯ ಬೋಲ್ಟ್ ಕೂರಿಸಿದ ದಿನ ಮೂಸಾಕ ಅಂಗಡಿಗೆ ಬಂದು ಅರ್ಧ ಗಂಟೆ ಬಡಾಯಿ ಕೊಚ್ಚುವುದು ವಾಡಿಕೆ. ಆ ದಿನ ಸಂಜೆ ಬಂದವನು ಡ್ರಿಲ್ ಬಿಟ್‌ಗಳನ್ನು ಒರೆಸುತ್ತ ಸುಮ್ಮನೆ ಕೂತ. "ಎಮ್ಮೆ ಹೇಗುಂಟು?" ಎಂದು ಕೇಳಿದ್ದೇ ತಡ, ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಹಾಗೆ ಸಿಡಿದ.

"ನನ್ನಲ್ಲಿ ಎಂತ ಕೇಳ್ತೀರಿ? ಬೋಲ್ಟ್ ಕೊಟ್ಟದ್ದು ನೀವಲ್ವಾ? ಆ ಎಮ್ಮೆಗೆ ಫ್ಯಾನ್ ಉಂಟು, ಚಾಪೆ ಉಂಟು, ನೀರು ಕುಡಿಯಲಿಕ್ಕೆ ಲೋಟ ಉಂಟು."

ಅರ್ಥವಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಉಳಿದದ್ದನ್ನು ಮೂಸಾಕ ತಲೆ ತಗ್ಗಿಸಿ ಹೇಳಿದ. ನಾಸಿರರ ತಮ್ಮ ರಮೀಝ್, ಇಪ್ಪತ್ತಾರು ವರ್ಷ. ಮೊದಲು ಗಾಂಜಾ, ಆಮೇಲೆ ಮಾತ್ರೆ, ಈಗ ಪುಡಿ. ಕಪಾಟಿನ ಬೀಗದ ಕೈ ಕೊಡಲಿಲ್ಲ ಎಂದು ಹೆತ್ತ ಉಮ್ಮನ ಬಲಗೈಯನ್ನು ಬಾಗಿಲಿನ ಸಂದಿಗೆ ಇಟ್ಟು ಬಾಗಿಲು ಎಳೆದಿದ್ದ. ಎರಡು ಕಡೆ ಮುರಿದಿತ್ತು. ಎರಡು ಸಲ ಚಿಕಿತ್ಸೆಗೆ ಬಿಟ್ಟರೂ ಓಡಿ ಬಂದಿದ್ದ.

"ಉಮ್ಮನ ಕೈ ಮುರಿದವನನ್ನು ಕಟ್ಟಿ ಹಾಕದೆ ಮುದ್ದು ಮಾಡ್ಬೇಕಾ ಲೋಲಾಕ್ಷಕ್ಕ? ನನ್ನ ತಮ್ಮ ಆಗಿದ್ದರೆ ಕಟ್ಟುವುದಲ್ಲ, ಕಡಿದು ಹಾಕ್ತಿದ್ದೆ."

"ಬೇಡ" ಎಂಬ ಒಂದು ಮಾತು ನನ್ನ ಬಾಯಿಂದ ಬರಬೇಕಿತ್ತು. ಊರಿಗೆಲ್ಲ ಬೈಯುವ ಬಾಯಿ ಇದು. "ಅದೂ ಹೌದು" ಎಂದೆ. ಆ ಎರಡು ಶಬ್ದ ಈಗಲೂ ನನ್ನನ್ನು ಕೊರೆಯುತ್ತವೆ.

ಹನ್ನೊಂದು ದಿನ ಕಳೆಯಿತು. ಹನ್ನೆರಡನೆಯ ದಿನ ಹತ್ತೂವರೆಗೆ ವಿಟ್ಲದ ಬಸ್ಸಿನಿಂದ ಒಬ್ಬರು ಹೆಂಗಸು ಇಳಿದು ನೇರ ನಮ್ಮ ಅಂಗಡಿಗೆ ಬಂದರು. ಬಲಗೈಗೆ ಪ್ಲಾಸ್ಟರ್, ಅದನ್ನು ಶಾಲಿನಲ್ಲಿ ಕಟ್ಟಿ ಕುತ್ತಿಗೆಗೆ ನೇತುಹಾಕಿದ್ದರು. ಎಡಗೈಯಲ್ಲಿ ಒಂದು ಅಡುಗೆಮನೆಯ ಚೂರಿ, ಅದರ ತುದಿ ಮುರಿದಿತ್ತು.

"ನಾನು ರಹ್ಮತ್, ಕನ್ಯಾನದ ನಾಸಿರನ ಉಮ್ಮ. ಇಲ್ಲಿಂದ ಒಂದು ಬೋಲ್ಟ್ ತಂದದ್ದಂತೆ. ಅದನ್ನು ತೆಗೆಯುವುದು ಹೇಗೆ ಅಂತ ಹೇಳಿ."

ನಾನು ಸ್ಟೂಲ್ ಎಳೆದು ಕೂರಿಸಿದೆ. ಕೂತ ಮೇಲೆ ಒಂದೇ ಉಸಿರಿಗೆ ಹೇಳಿದರು. ರಮೀಝ್ ರಾತ್ರಿ ಹಗಲು ಬೊಬ್ಬೆ ಹೊಡೆಯುತ್ತಿದ್ದ. ಬೊಬ್ಬೆ ಹೊಡೆದಾಗಲೆಲ್ಲ ನಾಸಿರ್ ಹೋಗಿ ಪೈಪಿನಲ್ಲಿ ಹೊಡೆಯುತ್ತಿದ್ದ. ಸರಪಳಿ ಕಾಲಿಗೆ ಕಚ್ಚಿ ಹುಣ್ಣಾಗಿ, ಕಾಲು ಊದಿ, ಕೋಣೆಗೆ ಹೋದರೆ ವಾಸನೆ. ಡಾಕ್ಟರನ್ನು ಕರೆಸಿದರೆ ಸುದ್ದಿಯಾಗುತ್ತದೆ ಎಂದು ನಾಸಿರ್ ಕರೆಸಲಿಲ್ಲ. ನಾಸಿರ್ ಮಸೀದಿಗೆ ಹೋದ ಹೊತ್ತಿನಲ್ಲಿ ಇವರು ಎಡಗೈಯಲ್ಲಿ ಈ ಚೂರಿ ಹಿಡಿದು ಗೋಡೆ ಕೆರೆದಿದ್ದರು.

"ನಿನ್ನೆ ಬೊಬ್ಬೆ ಹೊಡೆಯಲಿಲ್ಲ" ಎಂದರು ರಹ್ಮತ್. "ಅದಕ್ಕೇ ಬಂದೆ."

ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುತ್ತಾರೆ, ಆದರೆ ತನ್ನ ಕೈಯನ್ನೇ ಮುರಿದ ಹೆಗ್ಗಣಕ್ಕಾಗಿ ಅದೇ ಮುರಿದ ಕೈ ಹೊತ್ತು ಬಸ್ಸು ಹತ್ತಿದವರನ್ನು ನಾನು ಅಂದೇ ಕಂಡದ್ದು. ಒಳಗೆ ಡ್ರಿಲ್ ಬಿಟ್ ಹುಡುಕುತ್ತಿದ್ದ ಮೂಸಾಕನಿಗೆ ಎಲ್ಲವೂ ಕೇಳಿತ್ತು. ಹೊರಗೆ ಬಂದ.

"ನಾನು ಕೂರಿಸಿದ್ದು ಬರುವುದಿಲ್ಲ ಉಮ್ಮ" ಎಂದ. ಬಡಾಯಿಯಿಂದ ಹೇಳಿದ್ದಲ್ಲ, ಅಳುವ ದನಿಯಲ್ಲಿ ಹೇಳಿದ್ದು. ಆದರೆ ನನಗೆ ಆ ಹೊತ್ತಿನಲ್ಲಿ ಬಡಾಯಿ ಎಂದೇ ಕೇಳಿತು. ಕೈಗೆ ಸಿಕ್ಕಿದ ಅಳತೆ ಟೇಪನ್ನು ಬೀಸಿ ಒಗೆದೆ. ಹಣೆಗೆ ತಾಗಿ ರಕ್ತ ಬಂತು. ಹತ್ತೊಂಬತ್ತು ವರ್ಷದಲ್ಲಿ ನನ್ನ ಸಿಟ್ಟು ಬಾಯಿ ಬಿಟ್ಟು ಕೈಗೆ ಬಂದದ್ದು ಅದೊಂದೇ ಸಲ. ಮೂಸಾಕ ಹಣೆ ಒರೆಸಿಕೊಂಡು "ಹೋಗುವ" ಎಂದ. ನಾನು ಶಟರ್ ಎಳೆದೆ.

ಅವನ ಓಮ್ನಿ ವ್ಯಾನಿನಲ್ಲಿ ಮೂವರೂ ಕನ್ಯಾನಕ್ಕೆ ಹೊರಟೆವು. ಹಿಂದಿನ ಸೀಟಿನ ಕೆಳಗೆ ಕಬ್ಬಿಣ ಕೊಯ್ಯುವ ಗ್ರೈಂಡರ್, ಡ್ರಿಲ್, ಉಳಿ, ನಾಲ್ಕು ಕಿಲೋದ ಸುತ್ತಿಗೆ ಗಡಗಡ ಸದ್ದು ಮಾಡುತ್ತಿದ್ದವು.

ನಾಸಿರ್ ಅಂಗಳದಲ್ಲೇ ಇದ್ದರು. ಉಮ್ಮ ನಮ್ಮ ಜೊತೆ ಇಳಿದದ್ದು ನೋಡಿ ಮುಖ ಬಿಳಿಚಿತು.

"ಬೀಗದ ಕೈ ಕೊಡಿ" ಎಂದ ಮೂಸಾಕ.

"ಇದು ನಮ್ಮ ಮನೆಯ ವಿಷಯ. ನಿಮ್ಮ ಕೆಲಸ ಆಗಿದೆ, ನಡೀರಿ."

"ನನ್ನ ಕೆಲಸ ತಪ್ಪಾಗಿದೆ. ಸರಿ ಮಾಡಿ ಹೋಗ್ತೇನೆ."

ನಾಸಿರ್ ಅಡ್ಡ ನಿಂತರು. ಮೂಸಾಕ ಎದೆಗೆ ಕೈಯಿಟ್ಟು ದೂಡಿದ, ಅವರು ಬಟ್ಟೆ ಒಗೆಯುವ ಕಲ್ಲಿನ ಮೇಲೆ ಬಿದ್ದರು. ನಾವು ಹಿತ್ತಲಿನ ಕೋಣೆಗೆ ನುಗ್ಗಿದೆವು.

ಆ ಕೋಣೆಯನ್ನು ವಿವರಿಸಲು ನನಗೆ ಮನಸ್ಸಿಲ್ಲ. ಇಷ್ಟು ಹೇಳುತ್ತೇನೆ: ಮೂಲೆಯಲ್ಲಿ ಕೂತಿದ್ದವನ ಎಡಗಾಲು ಬಲಗಾಲಿನ ಎರಡರಷ್ಟಿತ್ತು, ಮತ್ತು ಸಾರಣೆಯ ಮೇಲೆ, ಬೋಲ್ಟಿನ ಸುತ್ತ, ಚೂರಿಯ ಗೀರುಗಳಿಗಿಂತ ಹೆಚ್ಚು ಉಗುರಿನ ಗೀರುಗಳಿದ್ದವು. ಮೂಸಾಕನ ಬೋಲ್ಟ್ ಒಂದು ಕೂದಲೆಳೆಯಷ್ಟೂ ಅಲುಗಿರಲಿಲ್ಲ.

ಮೂಸಾಕ ಗ್ರೈಂಡರಿನ ವಯರನ್ನು ಪ್ಲಗ್ಗಿಗೆ ಹಾಕಿ ಸರಪಳಿಗೆ ಹಿಡಿದ. ಕಿಡಿ ಹಾರಿದ್ದೇ ತಡ, ಸತ್ತವನಂತೆ ಕೂತಿದ್ದ ರಮೀಝ್ ಎದ್ದು ಮೂಸಾಕನ ಭುಜಕ್ಕೆ ಬಾಯಿ ಹಾಕಿದ. ತನ್ನ ಕಾಲು ಕೊಯ್ಯಲು ಬಂದಿದ್ದಾನೆ ಎಂದುಕೊಂಡಿರಬೇಕು. ಮೂಸಾಕ ಕಿರುಚಿ ಅವನನ್ನು ಕೊಡವಿದ. ಗ್ರೈಂಡರ್ ನೆಲಕ್ಕೆ ಬಿದ್ದು ಟೈಲ್ಸ್ ಮೇಲೆ ಕುಣಿಯಿತು, ನಾನು ಕಾಲು ಎತ್ತಿ ಹಾರಿದೆ. ಅಷ್ಟರಲ್ಲಿ ಅದರ ಸದ್ದು ತಟ್ಟನೆ ನಿಂತಿತು, ಫ್ಯಾನೂ ನಿಂತಿತು. ನಾಸಿರ್ ಫ್ಯೂಸ್ ಕಿತ್ತು ಕಿಸೆಗೆ ಹಾಕಿಕೊಂಡು ಬಾಗಿಲಿಗೆ ಬಂದಿದ್ದರು. ಕೈಯಲ್ಲಿ ಕಬ್ಬಿಣದ ಜಿಐ ಪೈಪ್ ಇತ್ತು.

"ಅವನನ್ನು ಬಿಟ್ಟರೆ ಉಮ್ಮನನ್ನು ಕೊಲ್ತಾನೆ" ಎಂದರು. "ಕೊಂದ ಮೇಲೆ ನೀವು ಬಂದು ಮಣ್ಣು ಮಾಡ್ತೀರಾ?"

ಮೊದಲ ಪೆಟ್ಟು ಮೂಸಾಕನ ಬೆನ್ನಿಗೆ ಬಿತ್ತು. ಅವನು ತಿರುಗಿ ಹೊಡೆಯುತ್ತಾನೆ ಎಂದು ನಾನು ಕಾದೆ. ಇಂಜಿನಿಯರಿಗೆ ಒಂದು ಮಾತಿಗೆ ಹೊಡೆದ ಮನುಷ್ಯ ಅವನು. ತಿರುಗಲಿಲ್ಲ. ಉಳಿ ತೆಗೆದು ಬೋಲ್ಟಿಗೆ ಅರ್ಧ ಅಡಿ ಆಚೆ, ಕಲ್ಲಿನ ಸಂದಿಗೆ ಇಟ್ಟು ಸುತ್ತಿಗೆ ಎತ್ತಿದ. ಅವನ ಅಂಟು ಬಿಡುವುದಿಲ್ಲ ಎಂದು ಅವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಬೋಲ್ಟನ್ನು ಬಿಟ್ಟು ಅದು ಹಿಡಿದುಕೊಂಡ ಕಲ್ಲನ್ನೇ ಕಡಿಯತೊಡಗಿದ.

ಎರಡನೆಯ ಪೆಟ್ಟು ಬೀಳುವ ಮೊದಲು ನಾನು ಪೈಪಿಗೆ ಜೋತುಬಿದ್ದೆ. ನಾಸಿರ್ ಬೀಸಿ ಎಳೆದಾಗ ಗೋಡೆಗೆ ತಲೆ ಬಡಿಯಿತು, ಆದರೂ ಬಿಡಲಿಲ್ಲ. ಬಾಯಿಗೆ ಬಂದ ಬೈಗುಳವನ್ನೆಲ್ಲ ತುಳುವಿನಲ್ಲಿ ಸುರಿದೆ. ಅವರ ಅಂಗಿ ನನ್ನ ಮುಷ್ಟಿಯಲ್ಲಿ ಹರಿದು ಬಂತು. ಆ ಬಿಳಿ ಅಂಗಿಯ ಒಳಗಿನ ಬೆನ್ನು ಆಗ ಕಂಡಿತು. ಹಲ್ಲಿನ ಗುರುತುಗಳು, ಸುಟ್ಟ ಕಲೆಗಳು, ಹೆಗಲಿನಿಂದ ಸೊಂಟದ ತನಕ ಕತ್ತಿಯ ಒಂದು ಹಳೆಯ ಗಾಯ.

"ನೋಡಿ" ಎಂದರು ನಾಸಿರ್, ಪೈಪ್ ಹಿಡಿದುಕೊಂಡೇ. "ನಾಲ್ಕು ವರ್ಷ. ಸರಿ ನೋಡಿಕೊಳ್ಳಿ. ನಾನು ರಾಕ್ಷಸ ಅಲ್ವಾ? ನೋಡಿ."

ನಾನು ಪೈಪ್ ಬಿಟ್ಟೆ, ಅವರೂ ಅದನ್ನು ಮತ್ತೆ ಎತ್ತಲಿಲ್ಲ. ಬೈಯಲು ಯಾರೂ ಉಳಿಯದೆ ಹೋದರೆ ಎಷ್ಟು ಕಷ್ಟ ಎಂದು ಆಗ ತಿಳಿಯಿತು.

ಕೋರೆಯಲ್ಲಿ ಬೆಳೆದವನ ಕೈ. ಕೆಂಪು ಚೂರುಗಳು ನಮ್ಮೆಲ್ಲರ ಮೈಮೇಲೆ ಬೀಳುತ್ತಿದ್ದವು. ಕಾಲು ಗಂಟೆಯಲ್ಲಿ ಕಲ್ಲು ಸಂದಿನಿಂದ ಬಿಟ್ಟು ಹೋಳಾಗಿ, ತೆಂಗಿನಕಾಯಿಗಿಂತ ದೊಡ್ಡದೊಂದು ತುಂಡು ಬೋಲ್ಟಿನ ಸಮೇತ ನೆಲಕ್ಕೆ ಬಿತ್ತು. ಗೋಡೆಯಲ್ಲಿ ಹೊರಗಿನ ಬೆಳಕು ಕಂಡಿತು.

ರಮೀಝ್ ಮೊದಲು ಸರಪಳಿ ಎಳೆದು ನೋಡಿದ. ಕಲ್ಲು ಅವನ ಕಡೆಗೆ ಜಾರಿ ಬಂತು. ಮರುಕ್ಷಣ ಸರಪಳಿಯನ್ನು ಎರಡೂ ಕೈಯಲ್ಲಿ ಹಿಡಿದು, ಕಲ್ಲನ್ನು ಎತ್ತಿ ಅಣ್ಣನ ತಲೆಗೆ ಬೀಸಿದ. ನಾಸಿರ್ ಅಲುಗಲಿಲ್ಲ, ಕಣ್ಣು ಮುಚ್ಚಿ ನಿಂತರು. ಅಡ್ಡ ಬಂದದ್ದು ಮೂಸಾಕನ ಬಲಗೈ. ಮೂಳೆ ಮುರಿದ ಸದ್ದು ನನಗೆ ಬಾಗಿಲಿನ ಹತ್ತಿರಕ್ಕೆ ಕೇಳಿತು. ರಮೀಝ್ ಇನ್ನೊಮ್ಮೆ ಎತ್ತಲು ನೋಡಿದ, ಊದಿದ ಕಾಲು ಹೊರಲಿಲ್ಲ, ಮಗುಚಿ ಬಿದ್ದ. ಬಿದ್ದವನು "ಉಮ್ಮಾ" ಎಂದು ಕರೆದ.

ರಹ್ಮತ್ ಅದಕ್ಕೇ ಕಾದಿದ್ದವರಂತೆ ನಮ್ಮೆಲ್ಲರನ್ನೂ ಸರಿಸಿ ಹೋಗಿ ಅವನ ತಲೆಯನ್ನು ಮಡಿಲಿಗೆ ಎಳೆದುಕೊಂಡರು. ನಾಸಿರ್ ಸೊಂಟದಿಂದ ಬೀಗದ ಕೈ ತೆಗೆದು, ತಮ್ಮನ ಕಾಲಿನ ಹತ್ತಿರ ಕೂತು, ಮೂರು ಸಲ ತಪ್ಪಿ ನಾಲ್ಕನೆಯ ಸಲ ಬೀಗ ತೆರೆದರು. ಅವರು ಅಳುತ್ತಿದ್ದರು. ತಮ್ಮನನ್ನು ಓಮ್ನಿಗೆ ಹೊತ್ತವರೂ, ಮಂಗಳೂರಿನ ತನಕ ಓಡಿಸಿದವರೂ ಅವರೇ. ಮೂಸಾಕ ಮುಂದಿನ ಸೀಟಿನಲ್ಲಿ ಮುರಿದ ಕೈಯನ್ನು ಮಡಿಲಲ್ಲಿ ಇಟ್ಟುಕೊಂಡು, ಪ್ರತಿ ಹೊಂಡಕ್ಕೂ ನಾಸಿರರ ಡ್ರೈವಿಂಗಿಗೆ ಬೈಯುತ್ತಿದ್ದ.

ಆಸ್ಪತ್ರೆಗೆ ಬಂದ ಪೊಲೀಸರಿಗೆ "ಕಲ್ಲು ಬಿತ್ತು" ಎಂದ ಮೂಸಾಕ. ಸುಳ್ಳೂ ಅಲ್ಲ. ಅವನ ಮೂಳೆಗೆ ಪ್ಲೇಟ್ ಇಟ್ಟು ಆರು ಸ್ಕ್ರೂ ಹಾಕಿದರು. ಹ್ಯಾಮರ್ ಡ್ರಿಲ್ ಹಿಡಿಯುವುದು ಇನ್ನು ಬೇಡ ಎಂದರು ಡಾಕ್ಟರ್. ಈಗ ಅವನು ಹಗಲಿಡೀ ನನ್ನ ಅಂಗಡಿಯ ಸ್ಟೂಲಿನ ಮೇಲೆ ಕೂತು, ಯಾವ ಗೋಡೆಗೆ ಯಾವ ಬೋಲ್ಟ್ ಎಂದು ಗಿರಾಕಿಗಳಿಗೆ ಪಾಠ ಮಾಡುತ್ತಾನೆ. "ಎಂತಕ್ಕೆ" ಎಂದು ತಪ್ಪದೆ ಕೇಳುತ್ತಾನೆ. ಉತ್ತರ ಸರಿ ಕಾಣದಿದ್ದರೆ ಇರುವ ಮಾಲನ್ನೇ ಇಲ್ಲ ಎನ್ನುತ್ತಾನೆ.

ರಮೀಝ್‌ನ ಎರಡು ಕಾಲ್ಬೆರಳು ಹೋದವು, ಕಾಲು ಉಳಿಯಿತು. ಗಾಯ ಮಾಗಿದ ಮೇಲೆ ಅಲ್ಲೇ ಚಟ ಬಿಡಿಸುವ ವಾರ್ಡಿಗೆ ಸೇರಿಸಿದರು. ಫೆಬ್ರವರಿಯ ಕೊನೆಗೆ ರಹ್ಮತ್ ಪುನಃ ನಮ್ಮಲ್ಲಿಗೆ ಬಂದರು. ಪ್ಲಾಸ್ಟರ್ ತೆಗೆದಿದ್ದರು, ಮಣಿಕಟ್ಟು ಸೊಟ್ಟಗಾಗಿತ್ತು. ಒಂದು ಕಟ್ಟಿನಲ್ಲಿ ಅಕ್ಕಿ ಹಿಟ್ಟಿನ ಬಿಸಿ ಪತ್ತಿರಿ, ಕೋಳಿ ಸಾರು ತಂದಿದ್ದರು. ಮೂಸಾಕನಿಗೆ ಎಡಗೈಯಲ್ಲಿ ತಿನ್ನಲು ಕಷ್ಟವಾಗುತ್ತದೆ ಎಂದು ಪತ್ತಿರಿಯನ್ನು ತಾವೇ ಚೂರು ಮಾಡಿ ಕೊಟ್ಟರು. ರಮೀಝ್ ಶುಕ್ರವಾರ ಮನೆಗೆ ಬರುತ್ತಾನೆ ಎಂದರು.

"ಗುಣ ಆಯಿತಾ?" ಎಂದು ಕೇಳಿದೆ.

"ಹೇಳ್ಲಿಕ್ಕೆ ಆಗುವುದಿಲ್ಲ ಅಂತ ಡಾಕ್ಟರ್ ಹೇಳಿದ್ದಾರೆ."

ಮೂಸಾಕ ತಿನ್ನುವುದನ್ನು ನಿಲ್ಲಿಸಿದ. ಎದ್ದು ಹೋಗಿ ಕಪಾಟಿನಿಂದ ನಮ್ಮಲ್ಲಿದ್ದ ಅತಿ ದೊಡ್ಡ ಕಬ್ಬಿಣದ ಅಗುಳಿ ತಂದು ಅವರ ಮುಂದೆ ಇಟ್ಟ.

"ಇದನ್ನು ನಿಮ್ಮ ಕೋಣೆಯ ಬಾಗಿಲಿಗೆ ಒಳಗಿನಿಂದ ಹಾಕಿಸುವ ಉಮ್ಮ. ನನ್ನ ಕೈ ಆಗುವುದಿಲ್ಲ, ಬೇರೆಯವರನ್ನು ಕರ್ಕೊಂಡು ಬಂದು ನಾನು ಎದುರು ನಿಂತು ಮಾಡಿಸ್ತೇನೆ. ಬಾಗಿಲಿನ ಮೇಲಿನ ಪಟ್ಟಿ ಕಾಂಕ್ರೀಟ್ ಲಿಂಟಲ್, ಅದಕ್ಕೇ ಹಿಡಿಸ್ತೇನೆ. ಹತ್ತು ಜನ ಒದ್ದರೂ ಬಾಗಿಲು ಬರುವುದಿಲ್ಲ."

ರಹ್ಮತ್ ಅಗುಳಿಯನ್ನು ಒಮ್ಮೆ ಮುಟ್ಟಿ ನೋಡಿದರು. ಅದರ ತೂಕ ಅವರಿಗೆ ಹಿಡಿಸಿದಂತೆ ಕಂಡಿತು. ಆಮೇಲೆ ಮೆಲ್ಲಗೆ ಮೂಸಾಕನ ಕಡೆಗೆ ಸರಿಸಿದರು.

"ಬೇಡ ಮೂಸಾ. ಅವನು ಒದೆಯುವುದಿಲ್ಲ. ಹೊರಗೆ ನಿಂತು ಉಮ್ಮಾ ಅಂತ ಕರೀತಾನೆ. ಕರೆದರೆ ನಾನೇ ಎದ್ದು ತೆಗೀತೇನೆ."

ನಾನು ಅಗುಳಿಯನ್ನು ಅವರ ಚೀಲಕ್ಕೆ ತುರುಕಲು ಹೋದೆ. ಅವರು ಚೀಲದ ಬಾಯಿ ಹಿಡಿದುಕೊಂಡರು. ಎಷ್ಟು ಹೇಳಿದರೂ ಬಿಡಲಿಲ್ಲ. ಕೊನೆಗೆ "ಹಾಗಾದ್ರೆ ಹೋಗಿ ಸಾಯಿರಿ" ಎಂದು ಬೈದುಬಿಟ್ಟೆ. ಅವರು ನನ್ನ ಕೆನ್ನೆ ಸವರಿ, ಖಾಲಿ ಪಾತ್ರೆ ತೆಗೆದುಕೊಂಡು, ರಸ್ತೆ ದಾಟಿದರು. ವಿಟ್ಲದ ಬಸ್ಸು ಬಂತು, ಹತ್ತಿದರು. ನಾನು ಕೌಂಟರಿನ ಹಿಂದೆ ನೆಲದಲ್ಲಿ ಕೂತು ಅತ್ತೆ, ಮೂಸಾಕ ಗಿರಾಕಿಗಳನ್ನು ಆಮೇಲೆ ಬನ್ನಿ ಎಂದು ಕಳಿಸಿದ.